ಒಲೆಯ ಹೊಗೆ ಎಲ್ಲಿಗೆ ಹೋಯಿತು?

ಬೆಳಗಾಯಿತು. ಹರಪನಹಳ್ಳಿ ಸೀಮೆಯ ನಮ್ಮ ಊರುಗಳಲ್ಲಿ ರೊಟ್ಟಿ ಬಡಿಯುವ ಸದ್ದು. ಒಲೆಗೆ ಸೌದೆ ಇಡುತ್ತೇವೆ. ಕುಳ್ಳು, ಮೆಕ್ಕೆಜೋಳದ ಬೆಂಡು ಹಾಕುತ್ತೇವೆ. ಊದುತ್ತೇವೆ. ಹೊಗೆ ಏಳುತ್ತದೆ. ಕಣ್ಣಲ್ಲಿ ನೀರು. ಎದೆಯಲ್ಲಿ ಕೆಮ್ಮು. ಕಂಕುಳಲ್ಲಿರುವ ಕೂಸಿಗೂ ಕೆಮ್ಮು.

"ಹೊಗೆ ಇಲ್ಲದ ಒಲೆ ಎಲ್ಲೈತವ್ವಾ?" ಅಂತ ಸುಮ್ಮನಾಗುತ್ತೇವೆ. ಸುಮ್ಮನಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಓದೋಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಹೊರಗೆ ಹೋದ ಹೊಗೆ ಏನಾಯಿತು?

ಅಡುಗೆಮನೆಯ ಜಂತಿ ನೋಡಿ. ಮಸಿ ಹತ್ತಿದೆ. ಇಂಥದೇ ಮಸಿ ಗಾಳಿಯಲ್ಲೂ ತೇಲುತ್ತದೆ. ಕರಿ ಕಂಬಳಿ ಬಿಸಿಲಿಗೆ ಬೇಗ ಕಾಯುತ್ತದಲ್ಲವೇ? ಮಸಿಯೂ ಹಾಗೆಯೇ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ.

ಭೂಮಿ ಕಾಯಲು ಮಸಿ ಒಂದೇ ಕಾರಣವಲ್ಲ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದರ ಪಾಲೇ ದೊಡ್ಡದು. ಅದು ನೂರಾರು ವರ್ಷ ಉಳಿಯುತ್ತದೆ. ಮಸಿ ಗಾಳಿಯಲ್ಲಿ ಇರುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹಾಗಾಗಿ ಮಸಿ ನಿಂತರೆ ಫಲ ಬೇಗ ಸಿಗುತ್ತದೆ. ಭೂಮಿಗೂ ಸಿಗುತ್ತದೆ, ನಮ್ಮ ಎದೆಗೂ ಸಿಗುತ್ತದೆ.

ನಮ್ಮ ಮುಂದೆ ಮೂರು ದಾರಿ

1. ಅಸ್ತ್ರ ಒಲೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನವೇ ಅದರ ಕೆಲಸ. ಈ ಒಲೆ ಅಲ್ಲಿಯದು. ಒಂದು ಉರಿ, ಮೂರು ಪಾತ್ರೆ. ಜಾಲರಿಯ ಕೆಳಗಿಂದ ಗಾಳಿ ಆಡುತ್ತದೆ. ಸೌದೆ ಚೆನ್ನಾಗಿ ಉರಿಯುತ್ತದೆ, ಕಡಿಮೆ ಸಾಕು. ಉಳಿದ ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು.

2. ಗೋಬರ್ ಗ್ಯಾಸ್: ದನ ಇರುವವರಿಗೆ ಇದು ಒಳ್ಳೆಯದು. ಸಗಣಿಯಿಂದ ಮೀಥೇನ್ ಅನಿಲ ಬರುತ್ತದೆ. ಉರಿಸಿದರೆ ಹೊಗೆ ಇಲ್ಲ. ಸೋರಲು ಬಿಡಬಾರದು, ಸೋರಿದ ಮೀಥೇನ್ ಭೂಮಿಯನ್ನು ಕಾಯಿಸುತ್ತದೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

3. ಸಿಲಿಂಡರ್: 2016ರಲ್ಲಿ ಉಜ್ವಲ ಯೋಜನೆ ಬಂತು. ಬಡ ಮನೆಯ ಹೆಂಗಸರ ಹೆಸರಿಗೇ ಗ್ಯಾಸ್ ಬಂತು. ಆದರೆ ಸಿಲಿಂಡರ್ ಖಾಲಿಯಾದರೆ ಮತ್ತೆ ಹಳೇ ಒಲೆ! ದುಡ್ಡು ಹೊಂದಿಸುವುದು ಕಷ್ಟ, ನಿಜ. ಆದರೂ ಮನೆಯಲ್ಲಿ ಕೂತು ಮಾತಾಡೋಣ. ಗ್ಯಾಸು ಹೆಂಗಸರ ಖರ್ಚಲ್ಲ. ಅದು ಮನೆಮಂದಿಯ ಊಟದ ಖರ್ಚು.

ಮೂರೂ ಸದ್ಯಕ್ಕೆ ಆಗದಿದ್ದರೆ? ಒಣಗಿದ ಸೌದೆಯನ್ನೇ ಉರಿಸೋಣ. ಕಿಟಕಿ ತೆರೆಯೋಣ. ಕೂಸನ್ನು ಒಲೆಯಿಂದ ದೂರ ಇಡೋಣ.

ಉತ್ತರ ಹೇಳಿ

1. ಮಸಿ ಗಾಳಿಯನ್ನು ಹೇಗೆ ಕಾಯಿಸುತ್ತದೆ?
2. ಮಸಿ ನಿಂತರೆ ಫಲ ಬೇಗ ಸಿಗುತ್ತದೆ. ಏಕೆ?
3. ನಿಮ್ಮ ಮನೆಗೆ ಯಾವ ದಾರಿ ಹೊಂದುತ್ತದೆ? ಎರಡು ಸಾಲು ಬರೆಯಿರಿ.