ಯಂತ್ರದ ಮೂಗು

ಗಂಧವು ಪೃಥ್ವಿಯ ಗುಣ. ಅದು ಸುರಭಿ, ಅಸುರಭಿ ಎಂದು ದ್ವಿವಿಧ ಎನ್ನುತ್ತದೆ ಅನ್ನಂಭಟ್ಟನ ತರ್ಕಸಂಗ್ರಹ. ಹುರಿದ ಕಾಫಿಯ ಪರಿಮಳವೊಂದರಲ್ಲಿಯೇ ನೂರಾರು ದ್ರವ್ಯಗಳು ಬೆರೆತಿರುವುದನ್ನು ಇಂದಿನ ವಿಜ್ಞಾನ ಕಂಡುಕೊಂಡಿದೆ. ಇಂತಹ ಮಿಶ್ರಗಂಧವನ್ನು ಗುರುತಿಸಬಲ್ಲ ಕೃತಕ ನಾಸಿಕದ ಮಾದರಿಯನ್ನು 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪರ್ಸಾದ್ ಮತ್ತು ಡಾಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಪಾನೀಯದ ಆವಿ ತಗುಲಿದೊಡನೆ ಯಂತ್ರದ ಸಂವೇದಕಗಳ ವಿದ್ಯುತ್ ರೋಧವು ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿ ಬದಲಾಗುತ್ತದೆ. ಆ ಬದಲಾವಣೆಗಳ ಸಮುಚ್ಚಯವೇ ಆ ಪರಿಮಳದ ಮುದ್ರೆ. ಕೊಲ್ಕತ್ತದ ಸಿ-ಡ್ಯಾಕ್ ಸಂಸ್ಥೆಯು ಚಹಾದ ಪರೀಕ್ಷೆಗೆ ಇಂತಹ ಯಂತ್ರವನ್ನು ನಿರ್ಮಿಸಿದೆ. ಆದರೆ ಯಾವ ಮುದ್ರೆ ಉತ್ತಮ, ಯಾವುದು ಅಧಮ ಎಂಬುದನ್ನು ಯಂತ್ರವು ತಾನಾಗಿ ಅರಿಯದು. ನುರಿತ ಪರೀಕ್ಷಕರು ಮೂಸಿ, ಸವಿದು ಕೊಟ್ಟ ನಿರ್ಣಯಗಳಿಂದಲೇ ಅದು ಕಲಿಯಬೇಕು. ಬೆಂಗಳೂರಿನ ಕಾಫಿ ಮಂಡಳಿಯಲ್ಲಿ ಬಟ್ಟಲು ಬಟ್ಟಲಾಗಿ ಸವಿದು ಗುಣ ನಿರ್ಣಯಿಸುವ ಪರಿಣತರ ವಿದ್ಯೆಗೆ ಆದುದರಿಂದಲೇ ಬೆಲೆ ಕುಂದದು. ಯಂತ್ರವು ದಣಿವರಿಯದ ಶಿಷ್ಯ. ಗುರುವು ಮನುಷ್ಯನ ಘ್ರಾಣೇಂದ್ರಿಯವೇ.