ಟಿಕೆಟ್ ಸಿಕ್ಕಿತೆಂದು ಸಂಬಳ ಬಿಡಬೇಡಿ

ಆಂಧ್ರದ ಗಡಿಯ ಮಡಕಶಿರಾ, ರಾಯದುರ್ಗದ ಕಡೆ ಮಳೆ ಕೈಕೊಟ್ಟರೆ ಬೆಂಗಳೂರಿಗೆ ಗುಳೆ ಹೋಗುವುದು ಹಳೆಯ ರೂಢಿ. ಸೆಂಟ್ರಿಂಗ್ ಕೆಲಸ ಕೈಗೆ ಹತ್ತಿದ ಮೇಲೆ ಕೆಲವರು ಗಲ್ಫಿಗೂ ಹಾರುತ್ತಾರೆ. ನಾನೂ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಎತ್ತಿ ಸೌದಿ ಅರೇಬಿಯಾಕ್ಕೆ ಹೋದೆ. ಕಂಪನಿ ನಮ್ಮನ್ನೆಲ್ಲ ಕ್ಯಾಂಪಿನಲ್ಲೇ ಬಿಟ್ಟು ಕೈತೊಳೆದುಕೊಂಡಾಗ ಕಲಿತದ್ದನ್ನು ಮುಂದೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ.

ಕಂಪನಿ ಒಂದೇ ರಾತ್ರಿಗೆ ಮುಳುಗುವುದಿಲ್ಲ. ಮೊದಲು ಓಟಿ ನಿಲ್ಲುತ್ತದೆ, ಆಮೇಲೆ ಸಂಬಳ ತಿಂಗಳು ತಿಂಗಳು ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟ ಸೂಚನೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ ನವೀಕರಣ ನಿಲ್ಲುವುದು. ಸೌದಿಗಳಿಗಿಂತ ಹೊರದೇಶದವರೇ ಹೆಚ್ಚಿರುವ ಕಂಪನಿ ಒಬ್ಬೊಬ್ಬರ ತಲೆಗೆ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ 2018ರಲ್ಲಿ ತಿಂಗಳಿಗೆ 400 ರಿಯಾಲ್ ಇತ್ತು, 2020ಕ್ಕೆ 800 ಆಯಿತು. ಅಂದರೆ ವರ್ಷಕ್ಕೆ 9,600. ಕೈ ಖಾಲಿಯಾದ ಮಾಲೀಕ ಇಕಾಮಾ ನವೀಕರಿಸಲು ಬೇಕಾದ ಈ ದುಡ್ಡು ಕಟ್ಟುವುದನ್ನು ನಿಲ್ಲಿಸುತ್ತಾನೆ. ಇಕಾಮಾ ಸತ್ತ ಮೇಲೆ ಬ್ಯಾಂಕಿಲ್ಲ, ಆಸ್ಪತ್ರೆ ಕಷ್ಟ, ಬೀದಿಗಿಳಿದರೆ ಪೊಲೀಸರ ಭಯ. ನಮ್ಮ ಕ್ಯಾಂಪಿನಲ್ಲಿ ಸೈಟಿಗೆ ಒಯ್ಯುವ ಬಸ್ಸು ನಿಂತಿತು, ಮೆಸ್ಸು ಮುಚ್ಚಿತು. ಪಕ್ಕದ ಬಾಂಗ್ಲಾದೇಶಿಯ ಅಂಗಡಿಯಲ್ಲಿ ಖುಬ್ಬೂಸ್ ರೊಟ್ಟಿ ಸಾಲ ತಂದು, ಬೇಳೆಗೆ ನೀರು ಹೆಚ್ಚಿಸಿ ತಿಂದೆವು.

ಹೊರಗೆ ಕದ್ದು ಕೆಲಸಕ್ಕೆ ಹೋಗುವ ಆಸೆ ಆಗಲೇ ಹುಟ್ಟುತ್ತದೆ. ಹೋದವರ ಮೇಲೆ ಮಾಲೀಕ 'ಹುರೂಬ್', ಅಂದರೆ ಪರಾರಿ ಎಂದು ದೂರು ಹಾಕಿದರೆ ಕಥೆ ತಿರುಗುಮುರುಗು: ಸಂಬಳ ಕೊಡದವನು ಫಿರ್ಯಾದಿ, ದುಡಿದವನು ಆರೋಪಿ. 2021ರ ಮಾರ್ಚ್‌ನಲ್ಲಿ ಬಂದ ನಿಯಮದ ಪ್ರಕಾರ ಸತತ ಮೂರು ತಿಂಗಳು ಸಂಬಳ ಬಾರದಿದ್ದರೆ, ಇಲ್ಲವೇ ಇಕಾಮಾ ಅವಧಿ ಮುಗಿದಿದ್ದರೆ, ಮಾಲೀಕನ ಒಪ್ಪಿಗೆ ಇಲ್ಲದೆಯೇ ಬೇರೆ ಕಂಪನಿಗೆ ಬದಲಾಗಬಹುದು. ಆ ದಾರಿ ಇರುವಾಗ ಕಳ್ಳದಾರಿ ಯಾಕೆ?

ಒಂದು ದಿನ ಕಂಪನಿಯವನೊಬ್ಬ ಟಿಕೆಟ್ಟುಗಳನ್ನೂ ಅರಬ್ಬಿಯಲ್ಲಿ ಟೈಪ್ ಮಾಡಿದ ಹಾಳೆಗಳನ್ನೂ ತಂದು ಮೆಸ್ಸಿನ ಮೇಜಿನ ಮೇಲೆ ಇಟ್ಟ. ಊರಿಗೆ ಹೋಗಬೇಕೆ, ಸಹಿ ಹಾಕಿ ಅಂದ. ರಾಯದುರ್ಗದ ಹುಡುಗನೊಬ್ಬ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಅಣ್ಣಾ, ಇದ್ರಾಗ ಏನೈತಿ?" ಅಂದ. ನನಗೂ ಅರಬ್ಬಿ ಬಾರದು. ಓದು ಬಲ್ಲ ಮಲಯಾಳಿ ಡ್ರೈವರ್ ಬೆರಳಿಟ್ಟು ತೋರಿಸಿದ. ಅದು 'ಮುಖಾಲಸ': ಬಾಕಿಯೆಲ್ಲ ಮುಟ್ಟಿದೆ, ಇನ್ನು ಯಾವ ಹಕ್ಕೂ ಇಲ್ಲ ಎಂಬ ಬರಹ. ಕೆಲವರು ಹಾಕಿ ಹೊರಟೇಬಿಟ್ಟರು. ಮನೆಯಲ್ಲಿ ಬಡ್ಡಿಯವನು ಜಗಲಿಯ ಮೇಲೆ ಕೂತಿದ್ದರೆ ಯಾರು ತಾನೆ ತಡೆದಾರು? ಉಳಿದ ನಾವು ಭಾರತದ ರಾಯಭಾರ ಕಚೇರಿಗೆ ಫೋನ್ ಹಚ್ಚಿದೆವು.

ಅಲ್ಲಿ ತಿಳಿದದ್ದು ಇಷ್ಟು. ದಾವೆ ಮೊದಲು ರಾಜಿ ವಿಭಾಗಕ್ಕೆ ಹೋಗುತ್ತದೆ, ಕೂಡದಿದ್ದರೆ ಕಾರ್ಮಿಕ ನ್ಯಾಯಾಲಯಕ್ಕೆ. ಕೆಲಸ ಮುಗಿದ 12 ತಿಂಗಳೊಳಗೆ ಹಾಕಬೇಕು. ಸಂಬಳದ ಜೊತೆ ಸೇವಾವಧಿಯ ಹಣವನ್ನೂ ಕೇಳಬೇಕು: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ಪೂರ್ತಿ ತಿಂಗಳದ್ದು. ಹೊರಡುವ ಮುಂಚೆ ನಮ್ಮ ಪರವಾಗಿ ಕೇಸು ನಡೆಸಲು 'ವಕಾಲಾ', ಅಂದರೆ ಅಧಿಕಾರ ಪತ್ರ, ಬರೆದುಕೊಟ್ಟು ಬರಬೇಕು. ಊಟ, ಆಸರೆ, ಟಿಕೆಟ್ಟಿಗೆ 2009ರಿಂದ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ತಡವಾದರೂ ದಾವೆಗೆ ಬೆಲೆ ಉಂಟು. 2016ರಲ್ಲಿ ಸೌದಿ ಓಜರ್ ಕಂಪನಿ ಕುಸಿದು ಸಾವಿರಾರು ಭಾರತೀಯರು ಕ್ಯಾಂಪುಗಳಲ್ಲಿ ಊಟಕ್ಕೂ ಗತಿಯಿಲ್ಲದಾದರು. ಮರುವರ್ಷ ಅದು ಮುಚ್ಚಿಯೇ ಹೋಯಿತು. ಆದರೂ ಅಲ್ಲಿ ದುಡಿದಿದ್ದ ಫಿಲಿಪೈನ್ಸಿನವರಿಗೆ 2024ರ ಹೊತ್ತಿಗೆ ಬಾಕಿಯ ಚೆಕ್‌ಗಳು ಬಂದವು.

ನಮ್ಮ ಗಡಿಯವರದು ಇನ್ನೊಂದು ತೊಡಕು. ಕ್ಯಾಂಪಿನಲ್ಲಿ ನಾವು ಕನ್ನಡದವರ ಗುಂಪಿನಲ್ಲಿ ಕೂರುತ್ತೇವೆ, ಪಾಸ್‌ಪೋರ್ಟ್ ಆಂಧ್ರದ್ದು. ಸಿಕ್ಕಿಬಿದ್ದವರ ಪಟ್ಟಿಯನ್ನು ರಾಜ್ಯವಾರು ಬರೆಯುವಾಗ ಕರ್ನಾಟಕದ ಹಾಳೆಗೆ ಸೇರಿಕೊಂಡರೆ ಹೆಸರು ಎರಡು ರಾಜ್ಯದ ನಡುವೆ ತೂಗಾಡುತ್ತದೆ. ಆಂಧ್ರದ ಹಾಳೆಯಲ್ಲೇ ಬರೆಸಿ, ಮನೆಯವರು ಹೊರದೇಶದಲ್ಲಿರುವವರಿಗಾಗಿ ಆಂಧ್ರ ಸರ್ಕಾರ ನಡೆಸುವ ಎಪಿಎನ್‌ಆರ್‌ಟಿ ಸೊಸೈಟಿಗೂ ತಿಳಿಸಲಿ. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಹಳೆಯ ಪಾಸ್‌ಪೋರ್ಟಿನಲ್ಲಿ ಅನಂತಪುರ ಎಂದೇ ಇದೆ. ಜಿಲ್ಲಾ ಕಚೇರಿಗೆ ಅರ್ಜಿ ಹಿಡಿದು ಮಡಕಶಿರಾದವರು ಪುಟ್ಟಪರ್ತಿಗೆ ಹೋಗಬೇಕು, ರಾಯದುರ್ಗದವರು ಅನಂತಪುರಕ್ಕೆ.

ಹೊರಡುವವರು ಏಜೆಂಟನ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಬಿಡಬೇಡಿ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಎಮಿಗ್ರೇಷನ್ ಅನುಮತಿ ಬೇಕು, ಅದರ ಜೊತೆಗೇ 10 ಲಕ್ಷದ ವಿಮೆ ಬರುತ್ತದೆ. 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಅನ್ನುವವನು ಈ ಎರಡನ್ನೂ ತಪ್ಪಿಸುತ್ತಾನೆ. ಕರಾರುಪತ್ರ, ವೀಸಾ, ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿರಲಿ. ಅಲ್ಲಿ ನಿಮ್ಮ ಫೋನಿಗೆ ಕರೆನ್ಸಿ ಇಲ್ಲದ ದಿನ, ಇಲ್ಲಿ ನಿಮ್ಮ ಹೆಂಡತಿ ಆ ಪ್ರತಿಗಳನ್ನು ಹಿಡಿದು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು.