ಪೀನಟ್ ಬಟರ್ ಫಡ್ಜ್: ಪಾಕದ ಹದ ಮತ್ತು ಬೆಲೆಯ ಲೆಕ್ಕ

ಗೃಹೋದ್ಯಮವಾಗಿ ಆರಂಭವಾಗುವ ಸಿಹಿ ತಿನಿಸುಗಳ ತಯಾರಿಕೆಯಲ್ಲಿ ರುಚಿಯ ಕೊರತೆಯಿಂದ ಮುಚ್ಚಿದ ಘಟಕಗಳಿಗಿಂತ ಲೆಕ್ಕದ ಕೊರತೆಯಿಂದ ಸೊರಗಿದ ಘಟಕಗಳೇ ಹೆಚ್ಚು ಎಂದರೆ ಅತಿಶಯೋಕ್ತಿಯಾಗಲಾರದು. ಸರಕು ಮಾರಾಟವಾಗುತ್ತಿರುತ್ತದೆ, ಗ್ರಾಹಕರು ಮೆಚ್ಚುತ್ತಿರುತ್ತಾರೆ, ಆದರೆ ವರ್ಷಾಂತ್ಯದಲ್ಲಿ ಕೈಯಲ್ಲಿ ಹಣ ಉಳಿದಿರುವುದಿಲ್ಲ. ಕಾರಣವೇನೆಂಬುದು ತಯಾರಕರಿಗೇ ತಿಳಿದಿರುವುದಿಲ್ಲ. ಈ ಪಾಠವನ್ನು ವಿವರಿಸಲು ನೆಲಗಡಲೆ, ಸಕ್ಕರೆ ಮತ್ತು ಹಾಲು ಎಂಬ ಮೂರೇ ಮುಖ್ಯ ಪದಾರ್ಥಗಳಿಂದ ಸಿದ್ಧವಾಗುವ ಪೀನಟ್ ಬಟರ್ ಫಡ್ಜ್ ಅನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಸರಕಿನ ಪರಿಚಯ

ಫಡ್ಜ್ ಎಂಬುದು 1880ರ ದಶಕದಲ್ಲಿ ಅಮೆರಿಕದಲ್ಲಿ, ವಿಶೇಷವಾಗಿ ಮಹಿಳಾ ಕಾಲೇಜುಗಳ ವಿದ್ಯಾರ್ಥಿನಿಯರಲ್ಲಿ ಪ್ರಚಾರಕ್ಕೆ ಬಂದ ಸಿಹಿ. ನಮ್ಮ ಬರ್ಫಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಎರಡರಲ್ಲಿಯೂ ಸಕ್ಕರೆಯ ಪಾಕವೇ ಜೀವಾಳ. ಪಾಕ ಆರುವಾಗ ಸಕ್ಕರೆಯು ಅತಿ ಸೂಕ್ಷ್ಮ ಹರಳುಗಳಾಗಿ ಕಟ್ಟಿದರೆ ತಿನಿಸು ನಯವಾಗಿರುತ್ತದೆ. ದಪ್ಪ ಹರಳುಗಳಾದರೆ ಮರಳಿನಂತೆ ಬಾಯಿಗೆ ಸಿಗುತ್ತದೆ. ಪೀನಟ್ ಬಟರ್ ಎಂದರೆ ಹುರಿದು ಸಿಪ್ಪೆ ತೆಗೆದ ಶೇಂಗಾ ಬೀಜವನ್ನು ಅದರದೇ ಎಣ್ಣೆ ಬಿಡುವವರೆಗೆ ನುಣ್ಣಗೆ ಅರೆದ ಮುದ್ದೆ. ಚಳ್ಳಕೆರೆ, ಪಾವಗಡ, ಶಿರಾ ಮುಂತಾದ ನೆಲಗಡಲೆಯ ಸೀಮೆಗಳಿಗೆ ಹತ್ತಿರವಿರುವ ತಯಾರಕರಿಗೆ ಕಚ್ಚಾ ಮಾಲು ದೂರವಿಲ್ಲ.

ತಯಾರಿಕೆಯ ಕ್ರಮ

ಮನೆಯ ಅಳತೆಗೆ ಸಕ್ಕರೆ 400 ಗ್ರಾಂ, ಹಾಲು 120 ಮಿಲಿ ಲೀಟರ್, ಪೀನಟ್ ಬಟರ್ 200 ಗ್ರಾಂ, ಚಿಟಿಕೆ ಉಪ್ಪು ಮತ್ತು ಒಂದು ಚಮಚ ವೆನಿಲಾ ಸಾಕು. ಕ್ರಮ ಹೀಗಿದೆ:

1. ತಟ್ಟೆಗೆ ತುಪ್ಪ ಸವರಿ ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಪಾಕ ಇಳಿಸಿದ ಮೇಲೆ ತಟ್ಟೆ ಹುಡುಕುವಷ್ಟು ಸಮಯವಿರುವುದಿಲ್ಲ.

2. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ಹಾಲು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವವರೆಗೆ ಕಲಕಬೇಕು. ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆಯ ಕಣಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಉಳಿದುಹೋದ ಕಣಗಳೇ ಮುಂದೆ ದಪ್ಪ ಹರಳುಗಳಿಗೆ ಮೂಲವಾಗುತ್ತವೆ.

3. ಕುದಿ ಬಂದ ನಂತರ ಈ ಪ್ರಮಾಣಕ್ಕೆ ಸುಮಾರು ಎರಡೂವರೆ ನಿಮಿಷ ಕುದಿಸಿದರೆ ಸಾಮಾನ್ಯವಾಗಿ ಹದ ಬರುತ್ತದೆ. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟಾಗ ಅದು ಮೆತ್ತನೆಯ ಉಂಡೆಯಾಗಬೇಕು.

4. ಒಲೆಯಿಂದ ಇಳಿಸಿ ಪೀನಟ್ ಬಟರ್ ಮತ್ತು ವೆನಿಲಾ ಬೆರೆಸಿ, ಹೊಳಪು ಮಾಸುವವರೆಗೆ ಬಿರುಸಾಗಿ ತಿರುವಿ, ತಕ್ಷಣ ತಟ್ಟೆಗೆ ಸುರಿಯಬೇಕು. ಆರಿದ ನಂತರ ತುಂಡು ಮಾಡಬೇಕು.

ಪ್ರಮಾಣ ಹೆಚ್ಚಿಸಿದಾಗ

ಮನೆಯ ಪಾಕವಿಧಾನವನ್ನು ಐದು ಪಟ್ಟು ಹೆಚ್ಚಿಸುವವರು ನಿಮಿಷಗಳ ಲೆಕ್ಕವನ್ನು ನಂಬಬಾರದು. ಎರಡು ಕಿಲೋ ಸಕ್ಕರೆಯ ಪಾಕಕ್ಕೆ ಎರಡೂವರೆ ನಿಮಿಷವೂ ಸರಿಯಲ್ಲ, ಅದರ ಐದು ಪಟ್ಟೂ ಸರಿಯಲ್ಲ. ಪಾತ್ರೆಯ ಅಗಲ ಮತ್ತು ಉರಿಯನ್ನು ಅವಲಂಬಿಸಿ ಸಮಯ ಬದಲಾಗುತ್ತದೆ. ಇಲ್ಲಿ ಆಧಾರವಾಗಬೇಕಾದುದು ಉಷ್ಣಮಾಪಕ. ಮೆತ್ತನೆಯ ಉಂಡೆಯ ಹದವು ಸಮುದ್ರ ಮಟ್ಟದಲ್ಲಿ 112ರಿಂದ 116 ಡಿಗ್ರಿ ಸೆಲ್ಸಿಯಸ್ ನಡುವೆ ಬರುತ್ತದೆ. ಆದರೆ ಎತ್ತರದ ಊರುಗಳಲ್ಲಿ ನೀರು ಕಡಿಮೆ ಉಷ್ಣದಲ್ಲಿಯೇ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಆದುದರಿಂದ ಮೊದಲು ಕುದಿಯುವ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು, ಅದು 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೆಯೋ ಅಷ್ಟನ್ನು ಪಾಕದ ಗುರಿಯಿಂದಲೂ ಕಳೆಯಬೇಕು. ಮಂಗಳೂರಿನ ಹದವನ್ನು ಬೆಂಗಳೂರಿನಲ್ಲಿ ಯಥಾವತ್ತಾಗಿ ಅನುಸರಿಸಿದರೆ ಪಾಕ ಗಟ್ಟಿಯಾಗಿ ಫಡ್ಜ್ ಪುಡಿಯಾಗುತ್ತದೆ. ಪುಡಿಯಾದ ಪ್ರತಿಯೊಂದು ತಟ್ಟೆಯೂ ನಷ್ಟದ ಬಾಬ್ತು ಎಂಬುದನ್ನು ಮರೆಯಬಾರದು.

ಇಳುವರಿಯೇ ಮೊದಲ ಲೆಕ್ಕ

ಈಗ ಒಂದು ಕಾಲ್ಪನಿಕ ಕುಟುಂಬ ಘಟಕದ ಲೆಕ್ಕವನ್ನು ಪರಿಶೀಲಿಸಬಹುದು. ಕೆಳಗಿನ ದರಗಳೆಲ್ಲ ಉದಾಹರಣೆಗಾಗಿ ಮಾತ್ರ. ತಯಾರಕರು ತಮ್ಮ ಊರಿನ ದರಗಳನ್ನು ಹಾಕಿ ನೋಡಿಕೊಳ್ಳಬೇಕು.

ಘಟಕವು ಒಂದು ಸಲಕ್ಕೆ 2 ಕಿಲೋ ಸಕ್ಕರೆ, 600 ಮಿಲಿ ಲೀಟರ್ ಹಾಲು, 1 ಕಿಲೋ ಪೀನಟ್ ಬಟರ್ ಬಳಸುತ್ತದೆ ಎಂದುಕೊಳ್ಳೋಣ. ಶೇಂಗಾ ಬೀಜ ಕಿಲೋಗೆ 120 ರೂ., ಸಕ್ಕರೆ 45 ರೂ., ಹಾಲು ಲೀಟರಿಗೆ 50 ರೂ., ಉಪ್ಪು, ವೆನಿಲಾ ಮತ್ತು ತಟ್ಟೆಗೆ ಸವರುವ ತುಪ್ಪ 12 ರೂ. ಸಾಮಾನ್ಯವಾಗಿ ಹಾಕುವ ಲೆಕ್ಕವೆಂದರೆ: ಶೇಂಗಾ 120, ಸಕ್ಕರೆ 90, ಹಾಲು 30, ಇತರೆ 12, ಒಟ್ಟು 252 ರೂ. ತೂಕ 3.6 ಕಿಲೋ. ಅಂದರೆ ಕಿಲೋಗೆ 70 ರೂ. ಈ ಲೆಕ್ಕದಲ್ಲಿ ಎರಡು ದೋಷಗಳಿವೆ.

ಮೊದಲನೆಯದು, 1 ಕಿಲೋ ಬೀಜದಿಂದ 1 ಕಿಲೋ ಪೀನಟ್ ಬಟರ್ ಬರುವುದಿಲ್ಲ. ಆರಿಸಿ ತೆಗೆದ ಕೆಟ್ಟ ಬೀಜ 35 ಗ್ರಾಂ, ಹುರಿಯುವಾಗ ಆವಿಯಾಗುವ ತೇವಾಂಶ 60 ಗ್ರಾಂ, ಸಿಪ್ಪೆ 35 ಗ್ರಾಂ, ಅರೆಯುವ ಯಂತ್ರಕ್ಕೆ ಅಂಟಿದ್ದು 20 ಗ್ರಾಂ, ಹೀಗೆ 150 ಗ್ರಾಂ ಕಳೆಯುತ್ತದೆ ಎಂದಾದರೆ 1.150 ಕಿಲೋ ಬೀಜ ಬೇಕಾಗುತ್ತದೆ. ಅದರ ಬೆಲೆ 138 ರೂ. ಎರಡನೆಯದು, ಹಾಲಿನ ನೀರಿನಂಶದ ಬಹುಭಾಗ ಪಾಕದಲ್ಲಿ ಆವಿಯಾಗುತ್ತದೆ. ಪಾತ್ರೆಗೆ ಅಂಟಿದ್ದು, ಅಂಚು ಕತ್ತರಿಸಿದ್ದು ಕಳೆದರೆ ಮಾರಾಟಕ್ಕೆ ದೊರೆಯುವುದು 3.2 ಕಿಲೋ ಮಾತ್ರ. ನಿಜವಾದ ಸಾಮಗ್ರಿ ವೆಚ್ಚ 270 ರೂ., ಇಳುವರಿ 3.2 ಕಿಲೋ, ಆದ್ದರಿಂದ ಕಿಲೋಗೆ 84 ರೂ. 38 ಪೈಸೆ. ಒಲೆ ಹಚ್ಚುವ ಮೊದಲೇ ಲೆಕ್ಕದಲ್ಲಿ ಶೇಕಡಾ 20ಕ್ಕೂ ಮೀರಿದ ವ್ಯತ್ಯಾಸ ಉಂಟಾಗಿದೆ.

ಇಂತಹ ಸಹಜ ಕಳೆತವನ್ನು ಉಳಿದ ಒಳ್ಳೆಯ ಸರಕಿನ ವೆಚ್ಚಕ್ಕೇ ಸೇರಿಸಬೇಕು. ಪಾಕ ಸೀದು ಹಾಳಾದ ತಟ್ಟೆಯಂತಹ ಅಸಹಜ ನಷ್ಟವನ್ನು ಮಾತ್ರ ದಾಸ್ತಾನಿನ ಮೌಲ್ಯಕ್ಕೆ ಸೇರಿಸದೆ ನೇರವಾಗಿ ಲಾಭ-ನಷ್ಟ ಖಾತೆಗೆ ಹಾಕಬೇಕು. ದಾಸ್ತಾನಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2ರ ಆಶಯವೂ ಇದೇ ಆಗಿದೆ.

ಪೂರ್ಣ ವೆಚ್ಚದ ಪಟ್ಟಿ

3.2 ಕಿಲೋದಿಂದ 200 ಗ್ರಾಂನ 16 ಪೊಟ್ಟಣಗಳಾಗುತ್ತವೆ. ಒಂದು ಸಲದ ತಯಾರಿಕೆಗೆ ವೆಚ್ಚ:

ಸಾಮಗ್ರಿ: 270 ರೂ.
ಕಾಗದ, ಡಬ್ಬಿ, ಲೇಬಲ್ (16 ಪೊಟ್ಟಣಕ್ಕೆ ತಲಾ 7 ರೂ.): 112 ರೂ.
ಅನಿಲ ಮತ್ತು ವಿದ್ಯುತ್: 28 ರೂ.
ದುಡಿಮೆ (3 ಗಂಟೆ, ಗಂಟೆಗೆ 75 ರೂ.): 225 ರೂ.
ಸ್ಥಿರ ವೆಚ್ಚದ ಪಾಲು (ತಿಂಗಳಿಗೆ 3,900 ರೂ., 60 ಸಲಕ್ಕೆ ಹಂಚಿ): 65 ರೂ.
ಒಟ್ಟು: 700 ರೂ.

ಸ್ಥಿರ ವೆಚ್ಚದಲ್ಲಿ ಯಂತ್ರ ಮತ್ತು ತಕ್ಕಡಿಯ ಸವಕಳಿ, ನೋಂದಣಿ ಶುಲ್ಕ, ಪ್ರಯೋಗಾಲಯದ ಪರೀಕ್ಷೆ ಇತ್ಯಾದಿ ಸೇರಿವೆ. 16ರಲ್ಲಿ 1 ಪೊಟ್ಟಣ ಮುರಿದೋ ಅವಧಿ ಮೀರಿಯೋ ಹಿಂದಿರುಗುತ್ತದೆ ಎಂದು ಭಾವಿಸಿದರೆ ಹಣ ಬರುವುದು 15ಕ್ಕೆ ಮಾತ್ರ. ಅಂಗಡಿಗೆ ತಲುಪಿಸಲು ಪೊಟ್ಟಣಕ್ಕೆ 4 ರೂ. ಎಂದರೆ ಮತ್ತೆ 60 ರೂ. ಸೇರಿ ಒಟ್ಟು ವೆಚ್ಚ 760 ರೂ.

ಗರಿಷ್ಠ ಮಾರಾಟ ಬೆಲೆಯನ್ನು 60 ರೂ. ಎಂದು ನಿಗದಿಪಡಿಸಿ, ಅಂಗಡಿಯವರಿಗೆ ಅದರ ಶೇಕಡಾ 20ರಷ್ಟು ಕಮಿಷನ್ ಬಿಟ್ಟರೆ ತಯಾರಕರಿಗೆ ಸಿಗುವುದು ಪೊಟ್ಟಣಕ್ಕೆ 48 ರೂ. 15 ಪೊಟ್ಟಣಕ್ಕೆ 720 ರೂ. ಅಂದರೆ 40 ರೂ. ನಷ್ಟ. ಇದೇ ಬೆಲೆಗೆ ಹಳೆಯ ಲೆಕ್ಕ ಹಾಕಿದವರು 16 ಪೊಟ್ಟಣಕ್ಕೆ 768 ರೂ. ಬರುತ್ತದೆಂದೂ, ಸಾಮಗ್ರಿ 252 ಮತ್ತು ಡಬ್ಬಿಗೆ 112 ಸೇರಿ 364 ರೂ. ಖರ್ಚೆಂದೂ ಎಣಿಸಿ 404 ರೂ. ಲಾಭ ಕಾಣುತ್ತಾರೆ. ಕಾಗದದ ಮೇಲಿನ ಈ 404 ರೂ. ಲಾಭಕ್ಕೂ ವಾಸ್ತವದ 40 ರೂ. ನಷ್ಟಕ್ಕೂ ನಡುವಿನ ಅಂತರವೇ ಅನೇಕ ಗೃಹೋದ್ಯಮಗಳ ಕಥೆ.

ಮನೆಯವರೇ ದುಡಿಯುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. 225 ರೂ. ಮೌಲ್ಯದ ದುಡಿಮೆಗೆ 185 ರೂ. ಕೈಸೇರಿರುತ್ತದೆ, ಅಷ್ಟೆ. ಮನೆಯ ಹೆಂಗಸರ ದುಡಿಮೆಗೆ ಬೆಲೆ ಕಟ್ಟದೆ ಹೋದರೆ, ಆ ರಿಯಾಯಿತಿ ಗ್ರಾಹಕರಿಗೂ ಅಂಗಡಿಯವರಿಗೂ ಅರಿವಿಲ್ಲದೆ ಹಂಚಿಹೋಗುತ್ತದೆ. ಮುಂದೆ ಕೆಲಸಕ್ಕೆ ಒಬ್ಬ ಆಳನ್ನು ಇಟ್ಟುಕೊಂಡ ದಿನವೇ ಘಟಕದ ನಿಜಸ್ಥಿತಿ ಬಯಲಾಗುತ್ತದೆ.

ಬೆಲೆ ಮತ್ತು ಸಮತೋಲನ ಬಿಂದು

ಬೆಲೆಯನ್ನು 70 ರೂ.ಗೆ ಏರಿಸಿದರೆ ತಯಾರಕರಿಗೆ ಪೊಟ್ಟಣಕ್ಕೆ 56 ರೂ., 15 ಪೊಟ್ಟಣಕ್ಕೆ 840 ರೂ. ದೊರೆತು, ದುಡಿಮೆಯ ಕೂಲಿ ಕಳೆದ ಮೇಲೂ 80 ರೂ. ಉಳಿಯುತ್ತದೆ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಸಮತೋಲನ ಬಿಂದುವನ್ನು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಸ್ಥಿರ ವೆಚ್ಚವನ್ನು ಬಿಟ್ಟರೆ ಒಂದು ಸಲದ ಬದಲಾಗುವ ವೆಚ್ಚ 695 ರೂ. ಬೆಲೆ 70 ರೂ. ಇದ್ದಾಗ ಪ್ರತಿ ಸಲಕ್ಕೆ 145 ರೂ. ಉಳಿದು, ತಿಂಗಳಿಗೆ 27 ಸಲದ ತಯಾರಿಕೆಯಲ್ಲಿ 3,900 ರೂ. ಸ್ಥಿರ ವೆಚ್ಚ ಸರಿಹೋಗುತ್ತದೆ. ಬೆಲೆ 60 ರೂ. ಇದ್ದಾಗ ಉಳಿಯುವುದು 25 ರೂ. ಮಾತ್ರ. ಆಗ 156 ಸಲ ತಯಾರಿಸಬೇಕು, ಅಂದರೆ ತಿಂಗಳಿಗೆ 468 ಗಂಟೆಗಳ ದುಡಿಮೆ. ಒಂದು ಮನೆಯ ಅಡುಗೆಮನೆಗೆ ಇದು ಅಸಾಧ್ಯ. ಕಡಿಮೆ ಬೆಲೆಯನ್ನು ಹೆಚ್ಚು ಮಾರಾಟದಿಂದ ಸರಿದೂಗಿಸುತ್ತೇವೆ ಎನ್ನುವವರು ಮೊದಲು ಈ ಗಂಟೆಗಳನ್ನು ಎಣಿಸಬೇಕು.

ಬೀಜದ ಆಯ್ಕೆ ಮತ್ತು ಸುರಕ್ಷತೆ

ಅಗ್ಗವೆಂದು ಮುಗ್ಗು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜವನ್ನು ಕೊಳ್ಳುವುದು ಘೋರ ತಪ್ಪು. ತೇವಾಂಶವಿರುವ ನೆಲಗಡಲೆಯಲ್ಲಿ ಬೆಳೆಯುವ ಶಿಲೀಂಧ್ರದಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಹುರಿಯುವುದರಿಂದ ಇದು ಪೂರ್ತಿಯಾಗಿ ನಾಶವಾಗುವುದಿಲ್ಲ. ಆದ್ದರಿಂದ ಆರಿಸಿ ತೆಗೆದ 35 ಗ್ರಾಂ ಬೀಜವನ್ನು ಉಳಿತಾಯದ ಹೆಸರಿನಲ್ಲಿ ಮತ್ತೆ ಬೆರೆಸಕೂಡದು. ನೆಲಗಡಲೆಯ ಎಣ್ಣೆ ಗಾಳಿ ಮತ್ತು ಬೆಳಕಿಗೆ ಕಮಟಾಗುವುದರಿಂದ, ಬಳಕೆಯ ಅವಧಿಯನ್ನು ಊಹೆಯಿಂದ ಬರೆಯದೆ ಪರೀಕ್ಷೆಯ ಆಧಾರದಿಂದ ನಿಗದಿಪಡಿಸುವುದು ಕ್ಷೇಮ.

ಕಾನೂನಿನ ಅಗತ್ಯಗಳು

ಆಹಾರ ಸುರಕ್ಷತೆ: ಮನೆಯಲ್ಲಿಯೇ ತಯಾರಿಸಿ ಮಾರಿದರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಅಗತ್ಯ. ಎರಡರಲ್ಲಿ ಯಾವುದು ಬೇಕೆಂಬುದು ವಹಿವಾಟಿನ ಗಾತ್ರವನ್ನು ಅವಲಂಬಿಸಿದೆ. ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳಬೇಕು.

ಲೇಬಲ್: ನೆಲಗಡಲೆ ಮತ್ತು ಹಾಲು ಎರಡೂ ಅಲರ್ಜಿಕಾರಕಗಳ ಪಟ್ಟಿಯಲ್ಲಿರುವುದರಿಂದ, 2020ರ ಲೇಬಲ್ ನಿಯಮಗಳ ಪ್ರಕಾರ ಅವುಗಳನ್ನು ಪ್ರತ್ಯೇಕವಾಗಿ ಘೋಷಿಸಬೇಕು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ ಮೊದಲಾದ ವಿವರಗಳನ್ನು 2011ರ ಪೊಟ್ಟಣ ಸರಕುಗಳ ನಿಯಮಗಳು ಕೇಳುತ್ತವೆ. 200 ಗ್ರಾಂ ಎಂದು ಮುದ್ರಿಸಿದರೆ ಡಬ್ಬಿಯ ತೂಕ ಅದರಲ್ಲಿ ಸೇರುವುದಿಲ್ಲ.

ಜಿಎಸ್‌ಟಿ: ಫಡ್ಜ್ ಸಿಹಿ ತಿನಿಸೋ, ಸಕ್ಕರೆ ಮಿಠಾಯಿಯೋ ಎಂಬ ವರ್ಗೀಕರಣದ ಪ್ರಶ್ನೆ ಹಿಂದೆ ತೆರಿಗೆ ದರದ ಮೇಲೆ ಪರಿಣಾಮ ಬೀರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇಕಡಾ 5ರ ದರ ಅನ್ವಯವಾದುದರಿಂದ ಆ ಗೊಂದಲ ಬಹುಮಟ್ಟಿಗೆ ನಿವಾರಣೆಯಾಯಿತು. ಮೇಲಿನ ಘಟಕದ ವಾರ್ಷಿಕ ವಹಿವಾಟು, 70 ರೂ. ಬೆಲೆಯಲ್ಲಿ ತಿಂಗಳಿಗೆ 60 ಸಲ ತಯಾರಿಸಿದರೆ, ಸುಮಾರು 6 ಲಕ್ಷ ರೂ. ಸರಕುಗಳನ್ನು ಮಾತ್ರ ರಾಜ್ಯದೊಳಗೇ ಮಾರುವವರಿಗೆ ಕರ್ನಾಟಕದಲ್ಲಿ 2019ರಿಂದ ಅನ್ವಯವಾದ 40 ಲಕ್ಷ ರೂ. ಮಿತಿಗಿಂತ ಇದು ಬಹಳ ಕಡಿಮೆ. ಆದರೆ ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವವರು ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ನೋಂದಾಯಿಸದವರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡಕೂಡದು. ಖರೀದಿಯಲ್ಲಿ ಕೊಟ್ಟ ತೆರಿಗೆ ಅವರಿಗೆ ಮರಳಿ ಸಿಗುವುದಿಲ್ಲವಾದ್ದರಿಂದ ಅದನ್ನೂ ವೆಚ್ಚವೆಂದೇ ಎಣಿಸಬೇಕು.

ಬಾಕಿ ವಸೂಲಿ: ತಯಾರಕರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಹಿತ. ನೋಂದಾಯಿತ ಕಿರು ತಯಾರಕರಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಖರೀದಿದಾರರು ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ವಿಧಿಸುತ್ತದೆ.

ಉಪಸಂಹಾರ

ಪ್ರತಿ ಸಲದ ತಯಾರಿಕೆಗೆ ಒಂದು ಪುಟದಂತೆ ಪುಸ್ತಕವೊಂದನ್ನು ಇಟ್ಟು ಐದು ಅಂಕಿಗಳನ್ನು ಬರೆದಿಡುವುದು ಕಷ್ಟವಲ್ಲ: ತೂಗಿ ಹಾಕಿದ ಸಾಮಗ್ರಿ, ಇಳಿಸಿದಾಗಿನ ಉಷ್ಣ, ತೂಗಿ ತೆಗೆದ ಸರಕು, ದುಡಿದ ಗಂಟೆಗಳು, ಹಿಂದಿರುಗಿದ ಪೊಟ್ಟಣಗಳು. ಒಂದು ತಿಂಗಳು ಹೀಗೆ ಬರೆದಿಟ್ಟರೆ ಮೇಲಿನ ಕಾಲ್ಪನಿಕ ಅಂಕಿಗಳ ಜಾಗದಲ್ಲಿ ಘಟಕದ್ದೇ ಆದ ನೈಜ ಅಂಕಿಗಳು ಬರುತ್ತವೆ. ಬೆಲೆ ನಿಗದಿಪಡಿಸುವ ಅಧಿಕಾರ ಆಗ ಮಾತ್ರ ಅಂಗಡಿಯವರ ಕೈಯಿಂದ ತಯಾರಕರ ಕೈಗೆ ಬರುತ್ತದೆ. ಈ ಕ್ರಮ ಫಡ್ಜ್‌ಗೆ ಮಾತ್ರ ಸೀಮಿತವಲ್ಲ. ಚಿಕ್ಕಿ, ಶೇಂಗಾ ಉಂಡೆ, ಹೋಳಿಗೆ, ಉಪ್ಪಿನಕಾಯಿ ಮುಂತಾಗಿ ತೂಕ ಕಳೆದುಕೊಂಡು ಸಿದ್ಧವಾಗುವ ಪ್ರತಿಯೊಂದು ಸರಕಿಗೂ ಇದು ಅನ್ವಯಿಸುತ್ತದೆ.